ಬದಲಾದ ಹುಲಿ ಏನು ತಿನ್ನಬೇಕು?

(ಸಂಕೇಶ್ವರದಲ್ಲಿ ಪಾಲಕರು ಹಾಗೂ ಶಿಕ್ಷಕರ ಮುಂದೆ ಮಾಡಿದ ಭಾಷಣದ ಬರಹರೂಪ)

ಶಾಲೆ ಬಿಟ್ಟು ಬಂದ ಹುಡುಗ ದಫ್ತರವನ್ನು ಮೂಲೆಗೆ ಎಸೆದು ಟೀವಿಯ ಮುಂದೆ ಕುಳಿತಿದ್ದಾನೆ. ತೆರೆಯ ಮೇಲೆ ಢೋಲಕಪುರ. ಕಾಲಿಯಾ ಎಂಬ ದಢೂತಿ ಹುಡುಗ ತನಗಿಂತ ಚಿಕ್ಕವರ ಕೈಯಿಂದ ಏನನ್ನೋ ಕಿತ್ತುಕೊಳ್ಳುತ್ತಾನೆ. ಅವನ ಬೆನ್ನಿಗೆ ನಿಂತ ಢೋಲು-ಭೋಲು ಎಂಬ ಅವಳಿಗಳು ನಗುತ್ತಾರೆ. ಭೀಮ ಬರುತ್ತಾನೆ, ಲಾಡು ತಿನ್ನುತ್ತಾನೆ, ಕಾಲಿಯಾ ಗಾಳಿಯಲ್ಲಿ ಹಾರಿ ದೂರ ಹೋಗಿ ಬೀಳುತ್ತಾನೆ. ಜೋಳ ಹಸನು ಮಾಡುತ್ತ ಕುಳಿತ ಆಯಿ, ‘ಸೊಕ್ಕ ಮುರೀತಲ್ಲ, ಛಲೋ ಆತು’ ಎನ್ನುತ್ತಾಳೆ. ಮೊಮ್ಮಗ ತೆರೆಯಿಂದ ಕಣ್ಣು ತೆಗೆಯದೆ, ‘ಇಲ್ಲ ಆಯಿ, ನಾಳೆ ಮತ್ತ ಹಂಗ ಮಾಡ್ತಾನ ನೋಡ’ ಎನ್ನುತ್ತಾನೆ.

ಸಂಕೇಶ್ವರ, ಹುಕ್ಕೇರಿ, ಗೋಕಾಕ ಕಡೆಯ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಮಾತು ಇದು. ಆಯಿಯ ಲೆಕ್ಕದಲ್ಲಿ ಕಥೆ ಮುಗಿದಿದೆ. ಅದು ಮುಗಿಯುವಂಥ ಕಥೆಯಲ್ಲ ಎಂಬುದು ಮೊಮ್ಮಗನಿಗೆ ಗೊತ್ತು. ಇಂಥ ಹುಡುಗನಿಗೆ ನಮ್ಮ ಕಡೆ ‘ಉಡಾಳ’ ಎಂಬ ಒಂದೇ ಶಬ್ದ ಸಾಕು. ಆ ಶಬ್ದ ಎರಡನೆಯ ಇಯತ್ತೆಯಲ್ಲಿ ಅಂಟಿತೆಂದರೆ ಏಳನೆಯ ಇಯತ್ತೆಯ ತನಕ ಬಿಡುವುದಿಲ್ಲ. ಕಿಡಕಿಯ ಗಾಜನ್ನು ಯಾರೇ ಒಡೆದಿರಲಿ, ಮಾಸ್ತರರ ಕಣ್ಣು ಮೊದಲು ಹೊರಳುವುದು ಅವನ ಕಡೆಗೇ. ಇಲ್ಲಿ ಕುಳಿತಿರುವ ಮಾಸ್ತರರಿಗೂ ಅಕ್ಕೋರಿಗೂ ಇದು ಹೊಸದಲ್ಲ. ಆದ್ದರಿಂದ ಕಾರ್ಟೂನಿನ ಉಡಾಳ ಸುಧಾರಿಸಬಲ್ಲನೇ ಎಂಬುದು ಬರೀ ಮಕ್ಕಳಾಟದ ಪ್ರಶ್ನೆಯಲ್ಲ. ಟೀವಿಯ ಮುಂದೆ ಹೊಡೆಸಿಕೊಂಡ ಹುಡುಗ ಕುಳಿತಿರುವಂತೆ ಹೊಡೆದ ಹುಡುಗನೂ ಕುಳಿತಿರುತ್ತಾನೆ. ತನ್ನಂಥವನಿಗೆ ಕಥೆಯಲ್ಲಿ ಯಾವ ಜಾಗವಿದೆ ಎಂಬುದನ್ನು ಅವನೂ ನೋಡುತ್ತಿರುತ್ತಾನೆ.

‘ಛೋಟಾ ಭೀಮ್’ 2008ರಲ್ಲಿ ಪೋಗೊ ವಾಹಿನಿಯಲ್ಲಿ ಆರಂಭವಾಯಿತು. ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆಯ ರಾಜೀವ್ ಚಿಲಕಾ ಇದರ ಕರ್ತೃ. ಇಂಥ ಸರಣಿಯ ಒಂದೊಂದು ಕಂತೂ ಬಿಡಿ ಮಣಿ. ಯಾವ ಮಗು ಯಾವ ದಿನ ಟೀವಿ ಹಾಕಿದರೂ ಕಥೆ ಅರ್ಥವಾಗಬೇಕು. ಇಂದು ಹೊಸದು, ನಾಳೆ ಮೂರು ವರ್ಷದ ಹಳೆಯದು, ಹೇಗೆ ಪ್ರಸಾರ ಮಾಡಿದರೂ ನಡೆಯಬೇಕು. ಹಾಗಾಗಬೇಕಾದರೆ ಕಂತು ಮುಗಿಯುವಾಗ ಪ್ರತಿಯೊಬ್ಬರೂ ತಾವು ಹೊರಟ ಜಾಗಕ್ಕೇ ಬಂದು ನಿಲ್ಲಬೇಕು. ಕಾಲಿಯಾ ಒಂದು ದಿನ ಭೀಮನ ಪಕ್ಷ ಸೇರಿ ಹೊರಗಿನ ಶತ್ರುವಿನೊಡನೆ ಹೋರಾಡಿದರೂ ಮರುದಿನ ಅವನ ಕೆಲಸ ಹಳೆಯದೇ. ಅವನನ್ನು ನಿಜವಾಗಿ ಸುಧಾರಿಸಿಬಿಟ್ಟರೆ ಮಾರನೆಯ ವಾರ ಭೀಮ ಯಾರನ್ನು ಎಸೆಯಬೇಕು? ಕಾಲಿಯಾನ ಉಡಾಳತನ ಅವನ ಸ್ವಭಾವಕ್ಕಿಂತ ಹೆಚ್ಚಾಗಿ ಅವನ ನೌಕರಿ.

ಆಯಿ ಹೇಳಿದ ‘ಸೊಕ್ಕು ಮುರಿಯುವುದು’ ನಮ್ಮ ಬಯಲಾಟಗಳಿಗೆ ಬಹು ಪ್ರಿಯವಾದ ವಸ್ತು. ಶಿಷ್ಟರ ಮಾತಿನಲ್ಲಿ ಅದು ಗರ್ವಭಂಗ. ಕುಲಗೋಡ ತಮ್ಮಣ್ಣನವರ ಹೆಸರಿನೊಡನೆ ಬೆಸೆದುಕೊಂಡಿರುವ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ನಾಡಿಗೆಲ್ಲ ಪರಿಚಯಿಸಿದ ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಸತ್ಯಭಾಮೆಯ ಗರ್ವ ಕರಗುವುದನ್ನು ಗೋಕಾಕ ಸೀಮೆಯ ಜನ ತಲೆಮಾರುಗಳಿಂದ ಬೆಳತನಕ ಕುಳಿತು ನೋಡಿದ್ದಾರೆ. ಗರ್ವಭಂಗದಲ್ಲಿ ಒಂದು ತೃಪ್ತಿಯಿದೆ, ಒಂದು ನ್ಯಾಯವೂ ಇದೆ. ಆದರೆ ಅದು ಮನಸ್ಸಿನ ಬದಲಾವಣೆಯಲ್ಲ. ದೊಡ್ಡ ಶಕ್ತಿಯೊಂದು ಚಿಕ್ಕ ಶಕ್ತಿಯನ್ನು ಕೆಳಗಿಳಿಸಿತು, ಅಷ್ಟೇ. ಸೋತ ಉಡಾಳ ಅದರಿಂದ ಕಲಿಯುವ ಪಾಠ ಒಂದೇ: ಮುಂದಿನ ಸಲ ತನಗಿಂತ ಬಲವುಳ್ಳವನು ಹತ್ತಿರವಿಲ್ಲದಾಗ ಕೈ ಮಾಡಬೇಕು.

ಇಲ್ಲೊಂದು ತಮಾಷೆಯ ಸಂಗತಿ. ಮೂಲ ಮಹಾಭಾರತದ ಆದಿಪರ್ವದಲ್ಲಿ ಬಾಲಕ ಭೀಮನೇ ಉಡಾಳ. ಕೌರವ ಹುಡುಗರು ಹಣ್ಣಿಗೆಂದು ಮರ ಹತ್ತಿದರೆ ಮರವನ್ನೇ ಒದ್ದು ಅಲುಗಾಡಿಸಿ ಹಣ್ಣಿನೊಡನೆ ಅವರನ್ನೂ ಉದುರಿಸುತ್ತಾನೆ. ನೀರಾಟದಲ್ಲಿ ಹತ್ತು ಹತ್ತು ಜನರನ್ನು ತೋಳಲ್ಲಿ ಅವುಚಿಕೊಂಡು ಮುಳುಗಿಸಿ, ಉಸಿರು ಕಟ್ಟುವ ಹೊತ್ತಿಗೆ ಬಿಡುತ್ತಾನೆ. ಇದು ದ್ವೇಷದಿಂದಲ್ಲ, ಹುಡುಗುತನದಿಂದ ಎಂದು ವ್ಯಾಸರು ಭೀಮನ ಪರವಾಗಿ ಒಂದು ಮಾತು ಸೇರಿಸುತ್ತಾರೆ. ದುರ್ಯೋಧನ ಅವನಿಗೆ ವಿಷವಿಕ್ಕುವುದು ಇದರ ನಂತರ. ವಿಷವಿಕ್ಕಿದ್ದಕ್ಕೆ ಇದು ಸಮರ್ಥನೆಯಾಗಲಾರದು. ಆದರೆ ಹುಡುಗುತನ ಎಂಬ ರಿಯಾಯಿತಿ ಭೀಮನಿಗೆ ಸಿಕ್ಕಿತು, ಎಲ್ಲ ಹುಡುಗರಿಗೂ ಸಿಗುವುದಿಲ್ಲ. ಢೋಲಕಪುರದ ಕಾಲಿಯಾನನ್ನೇ ನೋಡಿ. ಮೈ ಸ್ಥೂಲ, ಹೆಸರಿನಲ್ಲೇ ಕಪ್ಪು. ಅವನು ಬಾಯಿ ತೆರೆಯುವ ಮೊದಲೇ ಅವನಾರೆಂದು ಮಗುವಿಗೆ ತಿಳಿಸಿಯಾಗಿದೆ. ತರಗತಿಯಲ್ಲಿ ಕಪ್ಪಗೆ, ದಪ್ಪಗೆ ಇರುವ ಸಾಧು ಹುಡುಗನೊಬ್ಬನನ್ನು ಉಳಿದವರು ‘ಕಾಲಿಯಾ’ ಎಂದು ಕರೆಯತೊಡಗಿದರೆ ಆ ಮಗುವಿನ ಗತಿಯೇನು ಎಂದು ಚಿತ್ರ ಬರೆದವರು ಯೋಚಿಸಿದಂತೆ ಕಾಣುವುದಿಲ್ಲ.

ಇನ್ನೊಬ್ಬ ಉಡಾಳ ಜಪಾನಿನವನು. ‘ಡೋರೆಮಾನ್’ ಕಥೆಯ ಜಿಯಾನ್ ನಮ್ಮ ಮಕ್ಕಳಿಗೆ ಸೋದರಮಾವನ ಮಗನಷ್ಟು ಪರಿಚಿತ. ಫುಜಿಕೊ ಎಫ್. ಫುಜಿಯೊ ಎಂಬ ಹೆಸರಿನಲ್ಲಿ ಬರೆದ ಚಿತ್ರಕಾರರು 1970ರ ಸುಮಾರಿಗೆ ಚಿತ್ರಕಥೆಯಾಗಿ ಆರಂಭಿಸಿದ ಇದು 1979ರಿಂದ ದೂರದರ್ಶನ ಸರಣಿಯಾಗಿ ಹೆಸರಾಯಿತು. ಜಿಯಾನ್ ನೊಬಿಟಾನನ್ನು ಬಡಿಯುತ್ತಾನೆ, ಪುಸ್ತಕ ಕಸಿಯುತ್ತಾನೆ, ತನ್ನ ಕರ್ಣಕಠೋರ ಹಾಡು ಕೇಳಲು ಗೆಳೆಯರನ್ನು ಒತ್ತಾಯದಿಂದ ಕೂಡಿಹಾಕುತ್ತಾನೆ. ಆದರೆ ಇವನಿಗೊಂದು ಮನೆಯಿದೆ. ಕಿರಾಣಿ ಅಂಗಡಿ ನಡೆಸುವ ತಾಯಿ ಇವನ ಕಿವಿ ಹಿಂಡಿ ಬಡಿಯುತ್ತಾಳೆ. ಚಿತ್ರಕಾರ್ತಿಯಾಗಬೇಕೆಂದಿರುವ ತಂಗಿಯ ಮೇಲೆ ಇವನಿಗೆ ಪ್ರಾಣ. ಮನೆಯಲ್ಲಿ ಹೊಡೆತ ತಿಂದವನು ಬೀದಿಯಲ್ಲಿ ಹೊಡೆಯುತ್ತಾನೆ ಎಂಬುದನ್ನು ಕಥೆಗಾರ ಭಾಷಣ ಮಾಡದೆ ಒಂದೆರಡು ಚಿತ್ರಗಳಲ್ಲಿ ತೋರಿಸಿಬಿಡುತ್ತಾನೆ.

ಜಿಯಾನನ ‘ಸುಧಾರಣೆ’ಯ ಒಂದು ಪ್ರಸಂಗವಂತೂ ಬಹಳ ಮಾರ್ಮಿಕ. ನಮ್ಮ ಪಠ್ಯಪುಸ್ತಕಗಳ ಪ್ರಾಮಾಣಿಕ ಮರಕಡಿಯುವವನ ಕಥೆ ತಮಗೆ ನೆನಪಿರಬೇಕು: ನೀರಿಗೆ ಬಿದ್ದದ್ದು ಕಬ್ಬಿಣದ ಕೊಡಲಿ, ದೇವತೆ ಎತ್ತಿ ತೋರಿಸಿದ್ದು ಚಿನ್ನದ್ದು. ಡೋರೆಮಾನನ ಬಳಿ ಅಂಥದೇ ಒಂದು ಮಾಯೆಯ ಕೊಳವಿದೆ. ಜಿಯಾನ್ ಅದರೊಳಗೆ ಬೀಳುತ್ತಾನೆ. ದೇವತೆ ಒಬ್ಬ ಸುಂದರ ಜಿಯಾನನನ್ನು ಮೇಲೆತ್ತಿ ‘ಇವನೇನು ನಿಮ್ಮವನು?’ ಎನ್ನುತ್ತಾಳೆ. ಗೆಳೆಯರು ಪ್ರಾಮಾಣಿಕವಾಗಿ ‘ಅಲ್ಲ’ ಎಂದದ್ದಕ್ಕೆ ಬಹುಮಾನವಾಗಿ ಹೊಳೆಯುವ ಕಣ್ಣಿನ ಆ ಸಭ್ಯ ಜಿಯಾನನನ್ನೇ ಕೊಟ್ಟುಬಿಡುತ್ತಾಳೆ. ನಿಜವಾದ ಜಿಯಾನ್ ನೀರಿನೊಳಗೇ ಒದ್ದಾಡುತ್ತಿದ್ದಾನೆ! ಉಡಾಳನನ್ನು ತೆಗೆದುಹಾಕಿ ಆ ಜಾಗದಲ್ಲಿ ಒಳ್ಳೆಯ ಹುಡುಗನನ್ನು ಇಡುವುದಕ್ಕೆ ಸುಧಾರಣೆ ಎನ್ನುವ ಎಲ್ಲ ಕಥೆಗಳನ್ನೂ ಫುಜಿಯೊ ಇಲ್ಲಿ ನಗೆಯಾಡಿದಂತಿದೆ.

1980ರಿಂದ ಬರತೊಡಗಿದ ಡೋರೆಮಾನ್ ಚಲನಚಿತ್ರಗಳಲ್ಲಿ ಜಿಯಾನನ ರೀತಿಯೇ ಬೇರೆ. ಅಲ್ಲಿ ಅವನು ಗೆಳೆಯರಿಗಾಗಿ ಅಪಾಯಕ್ಕೆ ಎದೆಯೊಡ್ಡುತ್ತಾನೆ. ಸಿನಿಮಾ ಮುಗಿದು ಮಾಮೂಲಿ ಕಂತು ಬಂದಾಗ ಮತ್ತೆ ನೊಬಿಟಾನ ಬೆನ್ನು ಮೆತ್ತಗಾಗುತ್ತದೆ. ಜಾತ್ರೆಯ ದಿನ ಜಗಳ ಬಿಟ್ಟು ತೇರೆಳೆದು ಮರುದಿನ ಬದುವಿಗಾಗಿ ಬಡಿದಾಡುವ ನಮ್ಮ ಅಣ್ಣತಮ್ಮಂದಿರಂತೆ ಇದು. ಆದರೂ ಒಂದು ಉಪಯೋಗವಿದೆ: ಹಿಡಿದು ಬಡಿಯುವ ಅದೇ ತೋಳು ಇನ್ನೊಂದು ಕೆಲಸಕ್ಕೂ ಬರುತ್ತದೆ ಎಂಬುದು ಮಗುವಿನ ಕಣ್ಣಿಗೆ ಬೀಳುತ್ತದೆ.

ಇನ್ನು ಕನ್ನಡದ ಮಕ್ಕಳೆಲ್ಲ ಬಲ್ಲ ಕಥೆಗೆ ಬರೋಣ. ದುಷ್ಟನ ಮನಸ್ಸು ತಿರುಗುವುದನ್ನು ಗೋವಿನ ಹಾಡಿನಷ್ಟು ಸರಳವಾಗಿ ಹೇಳಿದ ಇನ್ನೊಂದು ಕೃತಿ ಕನ್ನಡದಲ್ಲಿ ಸಿಗುವುದು ಕಷ್ಟ. ಹಸಿದ ಅರ್ಬುತನೆಂಬ ಹುಲಿ, ಅಡ್ಡಗಟ್ಟಿಸಿಕೊಂಡ ಪುಣ್ಯಕೋಟಿ, ಕರುವಿಗೆ ಹಾಲೂಡಿಸಿ ಮರಳುತ್ತೇನೆಂಬ ಮಾತು, ಮಾತಿನಂತೆ ಮರಳಿ ಬಂದ ಹಸು. ಅದನ್ನು ಕಂಡು ಹುಲಿಯ ಎದೆ ಒಡೆಯುತ್ತದೆ. ಇಲ್ಲಿ ಹುಲಿಯನ್ನು ಯಾರೂ ಸೋಲಿಸಿಲ್ಲ. ಇದು ಗರ್ವಭಂಗವಲ್ಲ, ಗೆದ್ದವನೇ, ಗೆಲುವು ಬಾಯಿಗೆ ಬಂದ ಕ್ಷಣದಲ್ಲಿ, ತಾನಾಗಿ ಬದಲಾಗುವ ಬಗೆ ಇದು. ಕಾರಣವೂ ಸ್ಪಷ್ಟ. ಹಸು ತಪ್ಪಿಸಿಕೊಳ್ಳುತ್ತದೆ ಎಂಬುದು ಹುಲಿ ಕಂಡುಂಡ ಲೋಕದ ನಿಯಮ. ಆ ನಿಯಮ ಅದರ ಕಣ್ಣೆದುರೇ ಸುಳ್ಳಾಯಿತು.

ಆದರೆ ಮುಂದೇನಾಗುತ್ತದೆ? ಹುಲಿ ಮೇಲಕ್ಕೆ ನೆಗೆದು ಪ್ರಾಣ ಬಿಡುತ್ತದೆ. ಈ ಹಾಡನ್ನು ಕಲಿಸಿದ ಅಕ್ಕೋರಿಗೆಲ್ಲ ಅನುಭವವಿರಬೇಕು: ಕರುವಿಗಾಗಿ ಅತ್ತ ಮಕ್ಕಳಲ್ಲಿ ಒಂದಿಬ್ಬರು ಹುಲಿಗಾಗಿಯೂ ಅಳುತ್ತಾರೆ. ‘ಹುಲಿ ಒಳ್ಳೇದಾತಲ್ಲರಿ, ಮತ್ತ್ಯಾಕ ಸತ್ತತು?’ ಇದಕ್ಕೆ ಸುಲಭದ ಉತ್ತರವಿಲ್ಲ. ಬದಲಾದ ಹುಲಿ ಮರುದಿನ ಏನು ತಿನ್ನಬೇಕು ಎಂಬುದಕ್ಕೆ ಹಾಡಿನ ಬಳಿ ಉತ್ತರವಿರಲಿಲ್ಲ. ಹುಲ್ಲು ತಿನ್ನುವ ಹುಲಿ ಹುಲಿಯಲ್ಲ. ಇನ್ನೊಂದು ಹಸುವನ್ನು ತಿಂದರೆ ಪುಣ್ಯಕೋಟಿಯ ಮುಂದೆ ಅತ್ತದ್ದು ಸುಳ್ಳಾಗುತ್ತದೆ. ಆದ್ದರಿಂದ ಜನಪದ ಕವಿ ಹುಲಿಯನ್ನು ಕಥೆಯಿಂದಲೇ ಬಿಡುಗಡೆ ಮಾಡಿದ. ಪದ್ಮಪುರಾಣದಲ್ಲಿ ನಂದೆ ಎಂಬ ಗೋವಿನ ಇಂಥದೇ ಕಥೆಯಿದೆ. ಅಲ್ಲಿಯ ಹುಲಿ ನಿಜವಾದ ಹುಲಿಯೇ ಅಲ್ಲ, ಶಾಪ ತಗಲಿದ ಪ್ರಭಂಜನನೆಂಬ ರಾಜ. ಶಾಪ ಕಳೆಯಿತು, ಮನುಷ್ಯನಾದ. ಇದೂ ಮಾಯೆಯ ಕೊಳದ ಜಾತಿಯದೇ. ಅದರ ಮುಂದೆ ಕನ್ನಡದ ಹಾಡೇ ಹೆಚ್ಚು ಪ್ರಾಮಾಣಿಕ. ಅದರ ಹುಲಿ ಕೊನೆಯ ತನಕ ಹುಲಿಯಾಗಿಯೇ ಇದ್ದು ಬದಲಾಗುತ್ತದೆ.

ಒಂದು ಹಾಡಿಗೆ ಇಷ್ಟು ಸಾಕು. ವಾರವಾರ ಬರುವ ಧಾರಾವಾಹಿಗೆ ಸಾಲದು. ಅಲ್ಲಿ ಬದಲಾದವನು ಮುಂದಿನ ಶನಿವಾರವೂ ಬದುಕಿರಬೇಕು, ಅದೇ ಊರಿನಲ್ಲಿ, ತಾನು ಕಾಡಿದ ಅದೇ ಜನರ ನಡುವೆ. ಶಾಲೆಯೂ ಹಾಗೆಯೇ.

ಭಾಗವತದ ಕಾಳಿಂಗಮರ್ದನದಲ್ಲಿ ಇದಕ್ಕೊಂದು ದಾರಿ ಕಾಣುತ್ತದೆ. ಕೃಷ್ಣ ಹೆಡೆಗಳ ಮೇಲೆ ಕುಣಿದದ್ದು ಮಾತ್ರ ಚಿತ್ರಗಳಲ್ಲಿ ಉಳಿದಿದೆ. ಕುಣಿತ ಮುಗಿದ ಮೇಲಿನ ಮಾತುಕತೆ ಅದಕ್ಕಿಂತ ಸ್ವಾರಸ್ಯಕರ. ವಿಷ ನಮಗೆ ಹುಟ್ಟಿನಿಂದ ಬಂದದ್ದು, ಸೃಷ್ಟಿಸಿದವನೇ ಕೊಟ್ಟದ್ದು, ಅದನ್ನು ಬಿಡುವುದು ಹೇಗೆ ಎಂಬುದು ಕಾಳಿಯನ ವಾದ. ಅಷ್ಟೇ ಅಲ್ಲ, ಅವನು ಯಮುನೆಯ ಮಡುವಿಗೆ ಬಂದು ಸೇರಿದ್ದೇ ಗರುಡನ ಭಯದಿಂದ. ಸೌಭರಿ ಮುನಿಯ ಶಾಪವಿದ್ದುದರಿಂದ ಗರುಡ ಅಲ್ಲಿಗೆ ಬರುವಂತಿರಲಿಲ್ಲ. ಗೋಕುಲವನ್ನು ಹೆದರಿಸುತ್ತಿದ್ದವನು ತಾನೇ ಹೆದರಿ ಅಡಗಿ ಕುಳಿತವನಾಗಿದ್ದ. ಕೃಷ್ಣ ಅವನನ್ನು ಕೊಲ್ಲುವುದಿಲ್ಲ, ವಿಷವನ್ನೂ ಕೀಳುವುದಿಲ್ಲ. ಮಡು ಬಿಟ್ಟು ರಮಣಕ ದ್ವೀಪಕ್ಕೆ ಮರಳು ಎನ್ನುತ್ತಾನೆ. ಹೆಡೆಯ ಮೇಲೆ ತನ್ನ ಹೆಜ್ಜೆಯ ಗುರುತಿರುವುದರಿಂದ ಇನ್ನು ಗರುಡ ಮುಟ್ಟುವುದಿಲ್ಲ ಎಂದು ಅಭಯ ಕೊಡುತ್ತಾನೆ. ಹೆದರಿಕೆಯನ್ನು ಮೊದಲು ತೆಗೆದು, ಇರಲೊಂದು ಜಾಗ ತೋರಿಸಿ, ಆಮೇಲೆ ನೀರು ಬಿಟ್ಟು ಹೋಗು ಎಂದದ್ದು ಇದು. ದೇವರ ಕಥೆಯೆಂದು ಕೈಮುಗಿದು ಸುಮ್ಮನಾಗುವವರು ಈ ಲೌಕಿಕ ಜಾಣತನವನ್ನು ಗಮನಿಸುವುದು ಕಡಿಮೆ.

ಬದಲಾಗಬೇಕೆಂಬ ಮನಸ್ಸು ಬಂದರೂ ಮಧ್ಯೆ ಬಂದು ನಿಲ್ಲುವ ಇನ್ನೊಂದು ಗೋಡೆಯಿದೆ. ಅದನ್ನು ಕಂಡವನು ಹನ್ನೆರಡನೆಯ ಶತಮಾನದ ಆದಿಭಾಗದ ನಾಗಚಂದ್ರ. ವಿಜಯಪುರದಲ್ಲಿ ಮಲ್ಲಿಜಿನಾಲಯ ಕಟ್ಟಿಸಿದನೆನ್ನುವ ಈ ಕವಿಯ ‘ರಾಮಚಂದ್ರಚರಿತಪುರಾಣ’ದಲ್ಲಿ ರಾವಣ ಸೀತೆಯನ್ನು ಹೆದರಿಸಲು ಬರುತ್ತಾನೆ. ಇನ್ನು ರಾಮ ಉಳಿಯುವುದಿಲ್ಲ ಎಂಬ ಮಾತು ಕೇಳಿ ಅವಳು ಮೂರ್ಛೆ ಹೋಗುತ್ತಾಳೆ. ಅದನ್ನು ಕಂಡದ್ದೇ ತಡ, ಅವನ ಮನಸ್ಸು ಕದಡಿ ತಿಳಿಯಾಗುತ್ತದೆ. ಇಂಥವಳನ್ನು ಅಗಲಿಸಿದೆನಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾನೆ, ಒಪ್ಪಿಸಿಬಿಡಬೇಕೆಂದು ನಿಶ್ಚಯಿಸುತ್ತಾನೆ. ಈಗಲೇ ಒಪ್ಪಿಸಬಹುದಲ್ಲ? ಈಗ ಕೊಟ್ಟರೆ ಲೋಕ ಹೆದರಿ ಕೊಟ್ಟನೆಂದೀತು. ಮೊದಲು ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದು, ಆಮೇಲೆ ದೊಡ್ಡ ಮನಸ್ಸಿನಿಂದ ಕೊಡಬೇಕು! ಯುದ್ಧಕ್ಕೆ ಹೋಗುತ್ತಾನೆ, ಜೈನ ಸಂಪ್ರದಾಯದಂತೆ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಪಕ್ಕದ ಮುಧೋಳದ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನಿಗೆ ಭವ್ಯತೆ ಕೊಟ್ಟ, ಕಣ್ಣೀರು ಕೊಟ್ಟ, ಆದರೆ ಬದಲಾವಣೆ ಕೊಡಲಿಲ್ಲ. ನಾಗಚಂದ್ರನ ರಾವಣ ಬದಲಾಗಿಯೂ ತನ್ನ ಹಳೆಯ ಹೆಸರಿಗೆ ಸಿಕ್ಕಿಕೊಂಡು ಸತ್ತ. ಕಸಿದ ಕಂಪಾಸ್ ಪೆಟ್ಟಿಗೆಯನ್ನು ಮರಳಿ ಕೊಡಬೇಕೆನಿಸಿದ ಹುಡುಗನಿಗೆ ‘ಹೆದರಿ ಕೊಟ್ಟ’ ಎಂದು ಉಳಿದವರು ನಗುತ್ತಾರೆಂಬ ಅಳುಕು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಈ ಪ್ರಸಂಗ ಓದಬೇಕು.

ಈ ಎಲ್ಲ ತೊಡಕುಗಳನ್ನೂ ಎದುರಿಸಿ ಒಬ್ಬ ಉಡಾಳನನ್ನು ದಡ ಮುಟ್ಟಿಸಿದ ಅನಿಮೇಷನ್ ಸರಣಿಯೊಂದಿದೆ. ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ 2005ರಿಂದ 2008ರ ತನಕ ಬಂದ ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’. ನಮ್ಮ ‘ಅವತಾರ’ ಶಬ್ದವನ್ನೇ ಎರವಲು ಪಡೆದ ಈ ಕಥೆಯನ್ನು ಹೆಣೆದವರು ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯನ್ ಕೊನಿಯೆಟ್ಸ್‌ಕೊ. ನೀರು, ನೆಲ, ಬೆಂಕಿ, ಗಾಳಿಗಳನ್ನು ಆಡಿಸಬಲ್ಲ ನಾಲ್ಕು ಜನಾಂಗಗಳ ಕಲ್ಪನೆಯ ಲೋಕ ಅದು. ಬೆಂಕಿಯ ರಾಜ್ಯ ಉಳಿದವರ ಮೇಲೆ ನೂರು ವರ್ಷಗಳಿಂದ ಯುದ್ಧ ಹೂಡಿದೆ. ಅದರ ರಾಜಕುಮಾರ ಜುಕೊ, ಹದಿನಾರರ ಹುಡುಗ, ಹನ್ನೆರಡರ ನಾಯಕ ಆಂಗ್‌ನನ್ನು ಹಿಡಿಯಲು ಊರೂರು ಅಲೆಯುತ್ತ ಸಿಕ್ಕವರ ಮೇಲೆಲ್ಲ ಅಬ್ಬರಿಸುತ್ತಾನೆ. ಮುಖದ ಒಂದು ಪಕ್ಕ ಸುಟ್ಟಿದೆ. ಸುಟ್ಟವನು ತಂದೆಯೇ. ಸೈನಿಕರನ್ನು ಬಲಿಕೊಡುವ ಯೋಜನೆಯನ್ನು ಸಭೆಯಲ್ಲಿ ವಿರೋಧಿಸಿದ್ದಕ್ಕೆ ಹದಿಮೂರರ ಮಗನಿಗೆ ಸಿಕ್ಕ ಶಿಕ್ಷೆ ಅದು, ಜೊತೆಗೆ ಗಡೀಪಾರು.

ಈ ಸರಣಿಗೆ ಕೊನೆಯಿತ್ತು. ಮೂರು ಸಂಪುಟ, 61 ಕಂತು, ಅಲ್ಲಿಗೆ ಮುಕ್ತಾಯ. ಕಾಲಿಯಾನಿಗಿಲ್ಲದ ಭಾಗ್ಯ ಇದು: ಕಥೆ ಒಂದು ಕಡೆಗೆ ಹರಿಯುವುದರಿಂದ ಪಾತ್ರವೂ ಹರಿಯಬಹುದು. ಎರಡನೆಯ ಸಂಪುಟದಲ್ಲಿ ಜುಕೊ ತನ್ನ ಚಿಕ್ಕ ವಯಸ್ಸಿನ ಸಿಟ್ಟನ್ನು ದಾಟಿ, ದೊಡ್ಡಪ್ಪ ಐರೊನ ಚಹಾದ ಅಂಗಡಿಯಲ್ಲಿ ಕಪ್ಪು ತೊಳೆಯುವ ಮಟ್ಟಿಗೆ ಇಳಿದುಬಂದಿರುತ್ತಾನೆ. ಇನ್ನೇನು ಸುಧಾರಿಸಿದ ಎನ್ನುವಾಗ ತಂಗಿ ಬಂದು ಹಳೆಯ ಮಾನಮರ್ಯಾದೆಯ ಆಸೆ ತೋರಿಸುತ್ತಾಳೆ. ಅವನು ಜಾರುತ್ತಾನೆ, ಸಾಕಿದ ದೊಡ್ಡಪ್ಪನನ್ನೇ ಸೆರೆಗೆ ಬಿಟ್ಟುಕೊಟ್ಟು ಅರಮನೆ ಸೇರುತ್ತಾನೆ. ಸರಣಿಯ ಅತ್ಯಂತ ಧೈರ್ಯದ ತಿರುವು ಇದೇ. ಸುಧಾರಿಸುವವನು ಒಮ್ಮೆ ಹಿಂದೆ ಬೀಳುತ್ತಾನೆಂಬುದು ಹುಡುಗರನ್ನು ಬಲ್ಲವರಿಗೆಲ್ಲ ಗೊತ್ತು. ಕಥೆ ಬರೆಯುವವರು ಮಾತ್ರ ಅದನ್ನು ಮುಚ್ಚಿಡುತ್ತಾರೆ. ಅರಮನೆಯಲ್ಲಿ ಬಯಸಿದ್ದೆಲ್ಲ ಕೈಗೆ ಬಂದ ಮೇಲೆಯೇ ಅದು ಬೇಡವೆಂದು ಅವನಿಗೆ ತಿಳಿಯುವುದು. ಆಗ ಸೋತು ಅಲ್ಲ, ತಂದೆಯ ಎದುರು ನಿಂತು ಹೇಳಿ ಹೊರಡುತ್ತಾನೆ.

ಮುಂದಿನ ಪ್ರಸಂಗದಲ್ಲಿ ಅರ್ಬುತನ ಪ್ರಶ್ನೆಗೆ ಉತ್ತರ ಬರುತ್ತದೆ. ಆಂಗ್‌ನಿಗೆ ವಿದ್ಯೆ ಕಲಿಸಲು ಬಂದ ಜುಕೊನ ಕೈಯಿಂದ ಬೆಂಕಿಯೇ ಬರುವುದಿಲ್ಲ. ಒಂದಿಷ್ಟು ಹೊಗೆ, ಕಿಡಿ. ಇಷ್ಟು ದಿನ ಅವನ ಬೆಂಕಿಗೆ ಎಣ್ಣೆಯಾಗಿದ್ದದ್ದು ಸಿಟ್ಟು. ಸಿಟ್ಟು ಹೋಯಿತು, ಬೆಂಕಿಯೂ ನಂದಿತು. ಒಳ್ಳೆಯವನಾದದ್ದಕ್ಕೆ ಸಿಕ್ಕ ಮೊದಲ ಫಲ ಕೈಲಾಗದತನ. ಇಬ್ಬರೂ ಹುಡುಕುತ್ತ ಹೋಗಿ ಹಳೆಯ ಸೂರ್ಯಾರಾಧಕರ ನಾಡಿನಲ್ಲಿ ಎರಡು ಡ್ರ್ಯಾಗನ್‌ಗಳ ಮುಂದೆ ನಿಲ್ಲುತ್ತಾರೆ. ಸುಡುವ ಬೆಂಕಿಯಲ್ಲದೆ ಜೀವ ಕಾಯುವ ಬೆಂಕಿಯೂ ಇದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಜುಕೊ ಬೆಂಕಿಯನ್ನು ಬಿಡಲಿಲ್ಲ, ಅದಕ್ಕೆ ಬೇರೆ ಸೌದೆ ಹುಡುಕಿಕೊಂಡ.

ಇಷ್ಟಾದರೂ ಅವನನ್ನು ಎಲ್ಲರೂ ಅಪ್ಪಿಕೊಳ್ಳುವುದಿಲ್ಲ. ಐರೊ ಕ್ಷಮೆಯ ಮಾತು ಮುಗಿಯುವ ಮೊದಲೇ ತಬ್ಬಿಕೊಳ್ಳುತ್ತಾನೆ, ನಿಜ. ಆದರೆ ಅವನ ಮಾತು ನಂಬಿ ಒಮ್ಮೆ ಮೋಸಹೋದ ಕಟಾರಾ ಎಂಬ ಹುಡುಗಿ, ಒಂದು ಹೆಜ್ಜೆ ತಪ್ಪಿದರೂ ಉಳಿಸುವುದಿಲ್ಲವೆಂದು ಮುಖಕ್ಕೆ ಹೇಳುತ್ತಾಳೆ. ಅವಳ ನಂಬಿಕೆ ಗಳಿಸಲು ಅವನಿಗೆ ಕಂತುಗಳೇ ಬೇಕಾಗುತ್ತವೆ. ತಾಯಿಯನ್ನು ಕೊಂದವನು ಸಿಕ್ಕಾಗ ಅವನನ್ನು ಅವಳು ಕೊಲ್ಲುವುದೂ ಇಲ್ಲ, ಕ್ಷಮಿಸುವುದೂ ಇಲ್ಲ, ಜುಕೊನನ್ನು ಕ್ಷಮಿಸುತ್ತಾಳೆ. ಹೊಡೆದ ಹುಡುಗನಿಂದ ‘ಸಾರಿ’ ಹೇಳಿಸಿ, ಹೊಡೆಸಿಕೊಂಡವನ ಕೈ ಹಿಡಿದು ಕುಲುಕಿಸಿ, ಐದು ನಿಮಿಷದಲ್ಲಿ ಪ್ರಕರಣ ಮುಗಿಸುವ ಪದ್ಧತಿ ಶಾಲೆಗಳಲ್ಲಿದೆ. ಗಂಟೆ ಹೊಡೆಯುವುದರೊಳಗೆ ಪಾಠ ಮುಗಿಸಬೇಕಾದವರ ಕಷ್ಟ ಅರ್ಥವಾಗುವಂಥದೇ. ಆದರೆ ಕೈ ಕುಲುಕಲು ಒಲ್ಲೆನೆಂದ ಹುಡುಗನೇ ಆಗ ಹಟಮಾರಿ ಎನಿಸಿಕೊಳ್ಳುತ್ತಾನೆ. ಪೆಟ್ಟೂ ಅವನದೇ, ಬೈಗುಳವೂ ಅವನದೇ.

ಜುಕೊ ದೂರದ ಕಲ್ಪನೆಯಾಯಿತು. ನಮ್ಮ ಭಾಗದ ಹೆಣ್ಣುಮಕ್ಕಳು ಒಬ್ಬ ಉಡಾಳನನ್ನು ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ತರುತ್ತ ಬಂದಿದ್ದಾರೆ. ಅವನು ಜೋಕುಮಾರ. ಗಣಪತಿ ಬಂದುಹೋಗುವ ದಿನಗಳಲ್ಲಿಯೇ, ಭಾದ್ರಪದ ಶುದ್ಧ ಅಷ್ಟಮಿಗೆ ಹುಟ್ಟುವ ಇವನ ಆಯುಷ್ಯ ಏಳೇ ದಿನ. ಅಗಲ ಕಣ್ಣು, ದೊಡ್ಡ ಬಾಯಿ, ಮುಚ್ಚುಮರೆಯಿಲ್ಲದ ಮೈ. ಬೇವಿನ ಸೊಪ್ಪಿನ ನಡುವೆ ಮಣ್ಣಿನ ಮೂರ್ತಿ. ಬಾಯಿಗೆ ಬೆಣ್ಣೆ ಸವರುತ್ತಾರೆ, ಮೊರದಲ್ಲಿ ಕಾಳು ಹಾಕುತ್ತಾರೆ. ಏಳು ದಿನದಲ್ಲಿ ಇವನು ಮಾಡದ ಹಾವಳಿಯಿಲ್ಲ. ಊರ ಹೆಣ್ಣುಮಕ್ಕಳನ್ನು ಕಾಡುತ್ತಾನೆ, ಕೊನೆಗೆ ಜನರ ಕೈಯಲ್ಲಿ ಸಾಯುತ್ತಾನೆ. ಹುಣ್ಣಿಮೆಯ ರಾತ್ರಿ ಮೂರ್ತಿಯನ್ನು ಒನಕೆಯಿಂದ ಒಡೆದು ಅಗಸರ ಬಂಡೆಯ ಹತ್ತಿರ ಬಿಡುವ ರೂಢಿಯಿದೆ.

ಅಲ್ಲಿಗೇ ಮುಗಿದಿದ್ದರೆ ಇದೂ ಒಂದು ಗರ್ವಭಂಗವಾಗುತ್ತಿತ್ತು. ಜನ ಇನ್ನೊಂದು ಮಾತು ಸೇರಿಸಿದ್ದಾರೆ. ಗಣಪತಿ ಭೂಮಿಗೆ ಬಂದು, ಕಡಬು ಉಂಡು, ಮೇಲೆ ಹೋಗಿ ಎಲ್ಲರೂ ಸುಖವಾಗಿದ್ದಾರೆಂದು ಹೇಳುತ್ತಾನಂತೆ. ಬೀದಿಬೀದಿ ಅಲೆದ ಜೋಕುಮಾರನೇ ಮಳೆಯಿಲ್ಲದೆ ಬೆಳೆ ಒಣಗಿದ್ದನ್ನು, ಬಡವರ ಒಲೆ ಉರಿಯದ್ದನ್ನು ಕಂಡವನು. ಅವನು ಹೋಗಿ ಶಿವನಿಗೆ ಹೇಳಿದ್ದರಿಂದ ಮಳೆ ಬರುತ್ತದೆ. ಸಭ್ಯನ ಕಣ್ಣಿಗೆ ಬೀಳದ್ದು ಅಡ್ಡಾಡಿ ಉಡಾಳನ ಕಣ್ಣಿಗೆ ಬಿದ್ದಿತ್ತು. ಅವನ ತಪ್ಪನ್ನು ಹಾಡುಗಳು ಮುಚ್ಚಿಡುವುದಿಲ್ಲ, ಶಿಕ್ಷೆಯನ್ನು ತಪ್ಪಿಸುವುದಿಲ್ಲ. ಅಲೆದಾಟ ಒಂದನ್ನು ಮಾತ್ರ ಬೆಳೆಗೆ ಬಳಸಿಕೊಳ್ಳುತ್ತವೆ. ಆದರೆ ಇಲ್ಲಿಯೂ ಅವನು ಸತ್ತ ಮೇಲೆಯೇ ಊರಿಗೆ ಉಪಕಾರಿ. ಇದೇ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಆಚರಣೆಯಿಂದ 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕ ಕಟ್ಟಿದಾಗ ಅದರ ಗೌಡನಿಗೆ ಮನಃಪರಿವರ್ತನೆಯ ದೃಶ್ಯ ಬರೆಯಲಿಲ್ಲ. ಗೌಡನ ದಬ್ಬಾಳಿಕೆ ಅವನ ಸ್ವಭಾವದಲ್ಲಿರುವುದಕ್ಕಿಂತ ಹೆಚ್ಚು ಅವನ ಭೂಮಿಯಲ್ಲಿದೆ, ಬಂದೂಕಿನಲ್ಲಿದೆ. ಅವು ಕೈಯಲ್ಲಿರುವ ತನಕ ಅವನು ಅತ್ತರೂ ಒಕ್ಕಲಿಗನಿಗೆ ಏನು ಬಂತು? ಉಡಾಳ ಹುಡುಗನೂ ಗೌಡನೂ ಒಂದೇ ಅಲ್ಲವೆಂಬುದನ್ನು ಮರೆಯಬಾರದು.

ಕಾಲಿಯಾ ಗೌಡನಲ್ಲ. ಅವನು ಹತ್ತು ವರ್ಷದ ಹುಡುಗ, ಹೆಸರಿನ ಮುಂದೆ ಪೈಲ್ವಾನ ಎಂದು ಬೇರೆ ಇದೆ. ಕೊಲ್ಹಾಪುರದ ಕುಸ್ತಿಯ ಗಾಳಿ ಸಂಕೇಶ್ವರದ ತನಕ ಬೀಸುವ ಈ ಸೀಮೆಯಲ್ಲಿ ಪೈಲ್ವಾನನಿಗೆ ಏನು ಮಾಡಬೇಕೆಂದು ಹೇಳಿಕೊಡಬೇಕಾಗಿಲ್ಲ. ಬೀದಿಯಲ್ಲಿ ಕೈ ಮಾಡುವ ಹುಡುಗನನ್ನು ಗರಡಿಮನೆಯ ವಸ್ತಾದನ ಕೈಗೆ ಒಪ್ಪಿಸುತ್ತಿದ್ದರು. ವಸ್ತಾದ ಉಪದೇಶ ಮಾಡುತ್ತಿರಲಿಲ್ಲ. ಸಲಿಕೆ ಕೊಟ್ಟು ಕೆಂಪು ಮಣ್ಣು ಅಗೆಯಲು ಹಚ್ಚುತ್ತಿದ್ದ, ಬೈಠಕ್ ಹೊಡೆಸುತ್ತಿದ್ದ, ತನಗಿಂತ ಚಿಕ್ಕವರಿಗೆ ಪಟ್ಟು ಹೇಳಿಕೊಡು ಎನ್ನುತ್ತಿದ್ದ. ಗರಡಿಯ ಹೊರಗೆ ಕೈ ಎತ್ತಿದವನಿಗೆ ಒಳಗೆ ಜಾಗವಿರಲಿಲ್ಲ. ಢೋಲಕಪುರದಲ್ಲಿ ಅಂಥ ಗರಡಿಯೊಂದು ತೆರೆಯಿತೆನ್ನಿ. ಕಾಲಿಯಾ ಮೊದಲ ವಾರ ಮಣ್ಣು ಅಗೆದು ಓಡಿಹೋಗುತ್ತಾನೆ. ಮೂರನೆಯ ವಾರ ಚುಟ್ಕಿಯ ಲಾಡು ಕಸಿದು ಸಿಕ್ಕಿಬೀಳುತ್ತಾನೆ. ಹತ್ತನೆಯ ವಾರ ರಾಜುವಿಗೆ ಒಂದು ಪಟ್ಟು ಹೇಳಿಕೊಡಲು ಕರೆದರೆ ರಾಜು ಹತ್ತಿರ ಬರಲು ಹೆದರುತ್ತಾನೆ, ಬರಬೇಕಾಗಿಯೂ ಇಲ್ಲ.

ಆ ವಾರ ಅಖಾಡದ ಕಟ್ಟೆಯ ಮೇಲೆ ಢೋಲು-ಭೋಲು ಕುಳಿತಿರುತ್ತಾರೆ. ಇಷ್ಟು ವರ್ಷ ಕಾಲಿಯಾನ ಬೆನ್ನಿಗೆ ನಿಂತು ನಕ್ಕದ್ದೇ ಅವರ ಬದುಕು. ಅವರನ್ನು ಯಾರೂ ಎಸೆದಿಲ್ಲ, ಯಾರೂ ಕರೆದೂ ಇಲ್ಲ. ಜೋಳ ಹಸನು ಮಾಡುವ ಆಯಿ ಒಂದು ಕ್ಷಣ ತಲೆಯೆತ್ತಿ ಟೀವಿಯ ಕಡೆ ನೋಡಿ, ‘ಇವರಿಬ್ಬರೂ ಯಾರ ಮಕ್ಕಳೋ?’ ಎಂದು ಕೇಳಿದರೆ ಮೊಮ್ಮಗ ಹುಡುಕಿ ಹೇಳಬೇಕಾಗುತ್ತದೆ.